ಕಾಂಕ್ರೀಟ್ ನೆಲಕ್ಕೆ ಎಷ್ಟು ಖರ್ಚು? ಒಂದು ತಪ್ಪು ಲೆಕ್ಕದಿಂದ ಕಲಿತದ್ದು

ನನ್ನ ಉಪ್ಪ ಮೇಸ್ತ್ರಿ. ಇಪ್ಪತ್ತು ವರ್ಷಗಳಿಂದ ಕಲ್ಲು ಕಟ್ಟುವುದು, ಗಾರೆ ಮಾಡುವುದು, ಕಾಂಕ್ರೀಟ್ ಹಾಕುವುದು ಅವರ ಕೆಲಸ. ಇಷ್ಟು ವರ್ಷವೂ ದಿನಗೂಲಿಗೆ ಹೋಗುತ್ತಿದ್ದರು. ಸಾಮಾನು ಮನೆಯವರದ್ದು, ದುಡಿಮೆ ಇವರದ್ದು. ಕಳೆದ ಏಪ್ರಿಲ್ ರಜೆಯಲ್ಲಿ ಮೊದಲ ಸಲ ಒಬ್ಬ ಅಡಿಕೆ ಕೃಷಿಕರು, "ಸಾಮಾನು ಸಮೇತ ನೀವೇ ವಹಿಸಿಕೊಳ್ಳಿ, ಒಟ್ಟು ಎಷ್ಟು ಅಂತ ಹೇಳಿ ಬಿಡಿ" ಎಂದರು. ಅಡಿಕೆ ಒಣಗಿಸುವ ಅಂಗಳಕ್ಕೆ ಕಾಂಕ್ರೀಟ್ ನೆಲ. 30 ಅಡಿ ಉದ್ದ, 20 ಅಡಿ ಅಗಲ, 4 ಇಂಚು ದಪ್ಪ. ಮಳೆಗಾಲಕ್ಕೆ ಮೊದಲು ಮುಗಿಯಬೇಕು.

ಉಪ್ಪನಿಗೆ ಕೆಲಸ ಗೊತ್ತು, ಬರೆದು ಲೆಕ್ಕ ಮಾಡಿ ಅಭ್ಯಾಸವಿಲ್ಲ. ಮನೆಗೆ ಬಂದವರೇ ನನ್ನನ್ನು ಕರೆದು, "ನೀನು ಸೈನ್ಸ್ ಓದುತ್ತೀಯಲ್ಲ, ಇದಕ್ಕೆ ಎಷ್ಟು ಸಿಮೆಂಟ್ ಬೇಕು ಅಂತ ಲೆಕ್ಕ ಹಾಕಿ ಕೊಡು" ಎಂದರು. ನನಗೆ ಬಹಳ ಖುಷಿಯಾಯಿತು. ಪ್ರಥಮ ಪಿಯುಸಿ ಗಣಿತದಲ್ಲಿ ಒಳ್ಳೆಯ ಅಂಕ ಬಂದಿತ್ತು. ಹತ್ತು ನಿಮಿಷದಲ್ಲಿ ಲೆಕ್ಕ ಮುಗಿಸಿದೆ. ಆ ಹತ್ತು ನಿಮಿಷದ ಲೆಕ್ಕದಿಂದ ನಮ್ಮ ಮನೆಗೆ ₹15,810 ನಷ್ಟವಾಯಿತು.

ಗುಣಾಕಾರ ಭಾಗಾಕಾರದಲ್ಲಿ ನಾನು ತಪ್ಪಿರಲಿಲ್ಲ. ಎಲ್ಲಿ ತಪ್ಪಿದೆ ಎಂಬುದನ್ನು ಆಮೇಲೆ ಒಂದೊಂದಾಗಿ ಕಲಿತೆ. ನಮ್ಮಲ್ಲಿ ಹಲವರ ಮನೆಯಲ್ಲಿ ಎಂದಾದರೊಮ್ಮೆ ಅಂಗಳಕ್ಕೋ, ಕೊಟ್ಟಿಗೆಗೋ, ಹೊಸ ಕೋಣೆಗೋ ಕಾಂಕ್ರೀಟ್ ಹಾಕುವ ಸಂದರ್ಭ ಬರುತ್ತದೆ. ಹಲವರ ಮನೆಯವರು ಇದೇ ಕೆಲಸದಲ್ಲಿದ್ದಾರೆ. ನನ್ನ ತಪ್ಪು ಅವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಮಾಡಿದ ಲೆಕ್ಕ

ಮೊದಲು ಘನ ಅಳತೆ. 4 ಇಂಚು ಎಂದರೆ ಒಂದು ಅಡಿಯ ಮೂರನೇ ಒಂದು ಭಾಗ. 30 × 20 = 600 ಚದರ ಅಡಿ. ಅದನ್ನು 3ರಿಂದ ಭಾಗಿಸಿದರೆ 200 ಘನ ಅಡಿ. ಇಲ್ಲಿಯವರೆಗೆ ಸರಿ.

ಮಿಶ್ರಣ 1:2:4 ಎಂದು ಉಪ್ಪ ಹೇಳಿದರು. ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ. ಇದನ್ನು ಎಂ15 ಕಾಂಕ್ರೀಟ್ ಎನ್ನುತ್ತಾರೆ. 28 ದಿನಗಳ ನಂತರ ಒಂದು ಚದರ ಮಿಲಿಮೀಟರಿಗೆ 15 ನ್ಯೂಟನ್ ಒತ್ತಡವನ್ನು ತಡೆಯಬೇಕು ಎಂಬುದು ಆ 15ರ ಅರ್ಥ. ಒಟ್ಟು 7 ಪಾಲು. ಹಾಗಾಗಿ 200ನ್ನು 7ರಿಂದ ಭಾಗಿಸಿದೆ. ಸಿಮೆಂಟ್ 28.6 ಘನ ಅಡಿ, ಮರಳು 57.1, ಜಲ್ಲಿ 114.3.

ಒಂದು ಚೀಲ ಸಿಮೆಂಟ್ 50 ಕೆ.ಜಿ. ಒಂದು ಘನ ಮೀಟರ್ ಸಿಮೆಂಟ್ ಸುಮಾರು 1,440 ಕೆ.ಜಿ. ತೂಗುತ್ತದೆ. ಆದ್ದರಿಂದ ಒಂದು ಚೀಲದ ಗಾತ್ರ ಸುಮಾರು 0.0347 ಘನ ಮೀಟರ್, ಅಂದರೆ 1.226 ಘನ ಅಡಿ. 28.6ನ್ನು 1.226ರಿಂದ ಭಾಗಿಸಿದರೆ 23.3. ಪೂರ್ತಿ ಮಾಡಿ 24 ಚೀಲ ಎಂದು ಬರೆದೆ.

ಆ ವಾರ ನಮ್ಮ ಕಡೆಯ ಅಂಗಡಿಯಲ್ಲಿ ತಲುಪಿಸುವ ಬಾಡಿಗೆ ಸೇರಿ ಚೀಲಕ್ಕೆ ₹390, ಎಂ-ಸ್ಯಾಂಡ್ ಘನ ಅಡಿಗೆ ₹55, ಮುಕ್ಕಾಲು ಇಂಚಿನ ಜಲ್ಲಿ ಘನ ಅಡಿಗೆ ₹45 ಇತ್ತು. ಈ ದರ ಊರಿನಿಂದ ಊರಿಗೆ ಬೇರೆಯಾಗುತ್ತದೆ. ನೀವು ಲೆಕ್ಕ ಮಾಡುವಾಗ ನಿಮ್ಮ ಊರಿನ ದರವನ್ನೇ ಕೇಳಿ ಹಾಕಬೇಕು. ನನ್ನ ಚೀಟಿ ಹೀಗಿತ್ತು:

ಸಿಮೆಂಟ್ 24 ಚೀಲ: ₹9,360
ಮರಳು 58 ಘನ ಅಡಿ: ₹3,190
ಜಲ್ಲಿ 115 ಘನ ಅಡಿ: ₹5,175
ಎರಡು ದಿನದ ಕೂಲಿ: ₹10,100
ಮಿಕ್ಸರ್ ಬಾಡಿಗೆ: ₹2,500
ಒಟ್ಟು: ₹30,325

ಉಪ್ಪ ಇದರ ಮೇಲೆ ಸುಮಾರು ಮೂರು ಸಾವಿರ ಸೇರಿಸಿ ₹33,500 ಎಂದು ಮಾತು ಕೊಟ್ಟರು. "ಚೀಲ ಸ್ವಲ್ಪ ಕಡಿಮೆ ಅನಿಸುತ್ತದೆ" ಎಂದು ಒಮ್ಮೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನು ಮತ್ತೊಮ್ಮೆ ಕ್ಯಾಲ್ಕುಲೇಟರ್ ಒತ್ತಿ, "ಇಲ್ಲ, ಸರಿಯಾಗಿದೆ" ಎಂದೆ. ಇಪ್ಪತ್ತು ವರ್ಷದ ಅನುಭವದ ಅಂದಾಜಿಗಿಂತ ನನ್ನ ಕ್ಯಾಲ್ಕುಲೇಟರನ್ನು ಅವರು ನಂಬಿದರು.

ಆ ಭಾನುವಾರ

ಬೆಳಿಗ್ಗೆ ಏಳಕ್ಕೆ ಮಿಕ್ಸರ್ ಶುರುವಾಯಿತು. ಉಪ್ಪ ಅಂಗಳವನ್ನು ಹಲಗೆ ಇಟ್ಟು 10 ಅಡಿಗೆ 10 ಅಡಿಯಂತೆ ಆರು ಅಂಕಣ ಮಾಡಿದ್ದರು. ನಾನು ಮಧ್ಯಾಹ್ನದ ಊಟ ತೆಗೆದುಕೊಂಡು ಹೋದಾಗ ನಾಲ್ಕನೆಯ ಅಂಕಣ ಅರ್ಧಕ್ಕೆ ಬಂದಿತ್ತು. ಸಿಮೆಂಟ್ ಚೀಲ ಒಂದೂ ಉಳಿದಿರಲಿಲ್ಲ. ಜಲ್ಲಿಯ ರಾಶಿ ಇದ್ದ ಜಾಗದಲ್ಲಿ ಬರೀ ಪುಡಿ.

ಕಾಂಕ್ರೀಟ್ ಕೆಲಸವನ್ನು ಬೇಕಾದಲ್ಲಿ ನಿಲ್ಲಿಸಿ ನಾಳೆ ಮುಂದುವರಿಸುತ್ತೇನೆ ಎನ್ನಲು ಬರುವುದಿಲ್ಲ. ನೀರು ಸೇರಿದ ಕ್ಷಣದಿಂದ ಸಿಮೆಂಟ್ ಗಟ್ಟಿಯಾಗಲು ಹೊರಡುತ್ತದೆ. ಅರ್ಧಕ್ಕೆ ನಿಂತ ಅಂಚು ಬಿಗಿಯಾದ ಮೇಲೆ ಅದರ ಪಕ್ಕ ಹೊಸ ಕಾಂಕ್ರೀಟ್ ಸುರಿದರೆ ಎರಡೂ ಒಂದಾಗುವುದಿಲ್ಲ, ನಡುವೆ ಒಂದು ದುರ್ಬಲ ಗೆರೆ ಉಳಿಯುತ್ತದೆ. ಇದಕ್ಕೆ ಕೋಲ್ಡ್ ಜಾಯಿಂಟ್ ಎನ್ನುತ್ತಾರೆ. ನಿಲ್ಲಿಸಲೇಬೇಕಾದರೆ ಅಂಕಣದ ಹಲಗೆಯ ಹತ್ತಿರ ನಿಲ್ಲಿಸಬೇಕು. ನಮ್ಮದು ನಡುವೆ ನಿಂತಿತ್ತು.

ಕೆಲಸಕ್ಕೆ ಬಂದಿದ್ದ ಒಬ್ಬರು ಮೆಲ್ಲಗೆ ಹೇಳಿದರು: "ಉಳಿದದ್ದಕ್ಕೆ ಸಿಮೆಂಟ್ ಕಡಿಮೆ ಮಾಡಿ 1:3:6 ಹಾಕುವ, ದಪ್ಪ ಮೂರು ಇಂಚು ಸಾಕು. ಮೇಲೆ ಗಾರೆ ಎಳೆದರೆ ಯಾರಿಗೂ ಗೊತ್ತಾಗುವುದಿಲ್ಲ." ಅವರು ನಮ್ಮ ಒಳ್ಳೆಯದಕ್ಕೇ ಹೇಳಿದ್ದು. ಉಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಳೆಗೆ ಗೊತ್ತಾಗುತ್ತದೆ" ಎಂದರು. ಆಮೇಲೆ ಅಂಗಡಿಗೆ ಫೋನ್ ಮಾಡಿ ಸಾಲದಲ್ಲಿ 18 ಚೀಲ ಸಿಮೆಂಟ್, ಜೊತೆಗೆ ಮರಳು, ಜಲ್ಲಿ ತರಿಸಿದರು. ಕುರ್‌ಆನಿನ ಅಲ್ ಮುತಫ್ಫಿಫೀನ್ ಅಧ್ಯಾಯ ಅಳತೆ ತೂಕದಲ್ಲಿ ಕಡಿಮೆ ಕೊಡುವವರನ್ನು ಎಚ್ಚರಿಸುತ್ತದೆ ಎಂದು ಮದ್ರಸದಲ್ಲಿ ಕಲಿತಿದ್ದೆ. ಕಾಂಕ್ರೀಟಿನಲ್ಲೂ ಅಳತೆ ಇದೆ, ಅದನ್ನೂ ಕಡಿಮೆ ಕೊಡಬಹುದು ಎಂದು ನನಗೆ ಹೊಳೆದದ್ದು ಆ ಮಧ್ಯಾಹ್ನ.

ಸಾಮಾನು ಬರುವಾಗ ಎರಡು ಗಂಟೆ ದಾಟಿತ್ತು. ಉಪ್ಪ ಅರ್ಧ ನಿಂತ ಅಂಚನ್ನು ನೇರವಾಗಿ ಕಡಿದು, ಒರಟು ಮಾಡಿ, ಸಿಮೆಂಟ್ ಹಾಲು ಬಳಿದು ಮುಂದುವರಿಸಿದರು. ಮುಗಿಯುವಾಗ ರಾತ್ರಿ ಎಂಟು. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬುದು ಅವರ ರೂಢಿ. ಮನೆಯವರು ಕೊಟ್ಟ ಹಣದಲ್ಲಿ ಮೊದಲು ಆಳುಗಳಿಗೆ ಹೆಚ್ಚುವರಿ ಹೊತ್ತಿನದ್ದೂ ಸೇರಿಸಿ ಕೊಟ್ಟರು. ಅಂಗಡಿಯ ಸಾಲ ತೀರಿಸಲು ಎರಡು ತಿಂಗಳು ಹಿಡಿಯಿತು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಆಗ ಅನಿಸಿತ್ತು.

ಮೊದಲ ತಪ್ಪು: ಏಳು ಲೀಟರ್ ಸೇರಿ ಏಳು ಲೀಟರ್ ಆಗುವುದಿಲ್ಲ

ಜೂನ್‌ನಲ್ಲಿ ಕಾಲೇಜು ಶುರುವಾದ ಮೇಲೆ ನನ್ನ ಚೀಟಿಯನ್ನು ಭೌತಶಾಸ್ತ್ರ ಉಪನ್ಯಾಸಕರಿಗೆ ತೋರಿಸಿದೆ. ಅವರು ಉತ್ತರ ಹೇಳಲಿಲ್ಲ. ಒಂದು ಬಕೆಟ್ ಜಲ್ಲಿ ತರಲು ಹೇಳಿದರು.

10 ಲೀಟರಿನ ಬಕೆಟಿನಲ್ಲಿ ಜಲ್ಲಿಯನ್ನು ಬಾಯಿಯವರೆಗೆ ತುಂಬಿಸಿದೆವು. ಬಕೆಟ್ ತುಂಬಿದೆಯೇ ಎಂದು ಕೇಳಿದರು, ತುಂಬಿದೆ ಎಂದೆ. ಅಳತೆಯ ಜಾಡಿಯಿಂದ ನೀರು ಹೊಯ್ಯಲು ಹೇಳಿದರು. ಹೊಯ್ಯುತ್ತಾ ಹೋದೆ. 4 ಲೀಟರಿಗಿಂತ ಹೆಚ್ಚು ನೀರು ಹೋದ ಮೇಲೆ ತುಳುಕಿತು. ಅಂದರೆ ತುಂಬಿದ ಬಕೆಟಿನಲ್ಲಿ ಹತ್ತರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಬರೀ ಗಾಳಿಯಿತ್ತು.

ಕಾಂಕ್ರೀಟ್ ಕಲಸುವಾಗ ಆಗುವುದೂ ಇದೇ. ಜಲ್ಲಿಯ ಸಂದಿಗೆ ಮರಳು ಇಳಿಯುತ್ತದೆ. ಮರಳಿನ ಸಂದಿಗೆ ಸಿಮೆಂಟ್ ಇಳಿಯುತ್ತದೆ. ಉಳಿದ ಗಾಳಿಯನ್ನು ನೀರು ಮತ್ತು ಕುಟ್ಟುವ ಕೆಲಸ ಹೊರಗೆ ಹಾಕುತ್ತದೆ. ನಾವು ಪ್ರಯೋಗಾಲಯದ ಹಿಂದೆ 1 ಲೀಟರ್ ಸಿಮೆಂಟ್, 2 ಲೀಟರ್ ಮರಳು, 4 ಲೀಟರ್ ಜಲ್ಲಿ ಅಳೆದು ನೀರು ಹಾಕಿ ಕಲಸಿ ಬಕೆಟಿಗೆ ಕುಟ್ಟಿ ತುಂಬಿದೆವು. 7 ಲೀಟರ್ ಸಾಮಾನಿಗೆ ಸಿಕ್ಕಿದ ಕಾಂಕ್ರೀಟ್ ನಾಲ್ಕೂವರೆ ಲೀಟರಿನ ಆಸುಪಾಸು.

ಸಿವಿಲ್ ಎಂಜಿನಿಯರುಗಳು ಇದಕ್ಕೆ ಒಂದು ಸಂಖ್ಯೆ ಇಟ್ಟುಕೊಂಡಿದ್ದಾರೆ: 1.54. ಸಿದ್ಧ ಕಾಂಕ್ರೀಟಿನ ಗಾತ್ರವನ್ನು 1.54ರಿಂದ ಗುಣಿಸಿದರೆ ಅದಕ್ಕೆ ಬೇಕಾದ ಒಣ ಸಾಮಾನಿನ ಒಟ್ಟು ಗಾತ್ರ ಸಿಗುತ್ತದೆ. ನಮ್ಮ ಬಕೆಟ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿತು: 7ನ್ನು 1.54ರಿಂದ ಭಾಗಿಸಿದರೆ 4.55.

ನಾನು 200 ಘನ ಅಡಿಯನ್ನು ನೇರವಾಗಿ 7ರಿಂದ ಭಾಗಿಸಿದ್ದೆ. ಮಾಡಬೇಕಾದ್ದು 200 × 1.54 = 308, ಅದನ್ನು 7ರಿಂದ ಭಾಗಿಸಿದರೆ 44 ಘನ ಅಡಿ ಸಿಮೆಂಟ್. ಅಂದರೆ 36 ಚೀಲ. ನನ್ನ ಚೀಟಿಯಲ್ಲಿ 24 ಇತ್ತು. ಈ ಒಂದೇ ಸಂಖ್ಯೆ ಮರೆತದ್ದಕ್ಕೆ ಸಿಮೆಂಟ್, ಮರಳು, ಜಲ್ಲಿ ಮೂರೂ ಸೇರಿ ಸುಮಾರು ₹9,000 ಕಡಿಮೆ ಬಿದ್ದಿತ್ತು.

ಎರಡನೆಯ ತಪ್ಪು: ನೆಲ ಕಾಗದದಷ್ಟು ಸಮ ಇರುವುದಿಲ್ಲ

36 ಚೀಲ ಸಾಕಾಗಬೇಕಿತ್ತು, ಆದರೆ ನಿಜವಾಗಿ ಹೋದದ್ದು 42. ಉಳಿದದ್ದು ಎಲ್ಲಿಗೆ ಹೋಯಿತು?

ನಾನು ದಪ್ಪವನ್ನು 4 ಇಂಚು ಎಂದು ಹಿಡಿದಿದ್ದೆ. ಕೆಂಪು ಕಲ್ಲಿನ ಚೂರು ಹಾಕಿ ತಟ್ಟಿದ ನೆಲದಲ್ಲಿ ತಗ್ಗು ಉಬ್ಬು ಇದ್ದೇ ಇರುತ್ತದೆ. ಉಬ್ಬಿದ ಜಾಗದಲ್ಲಿ 4 ಇಂಚು ಸಿಗಬೇಕಾದರೆ ತಗ್ಗಿನಲ್ಲಿ 5 ಇಂಚು ಬೀಳುತ್ತದೆ. ಇದನ್ನು ಮೊದಲೇ ತಿಳಿಯುವ ದಾರಿ ಬಹಳ ಸುಲಭ, ಉಪ್ಪನಿಗೂ ಗೊತ್ತಿದ್ದದ್ದೇ. ನೀರಿನ ಟ್ಯೂಬಿನಿಂದ ನಾಲ್ಕು ಮೂಲೆಗೆ ಮಟ್ಟ ಹಿಡಿದು, ಗೂಟ ನೆಟ್ಟು ದಾರ ಕಟ್ಟಬೇಕು. ದಾರದಿಂದ ನೆಲಕ್ಕೆ ಒಂಬತ್ತು ಕಡೆ ಅಳೆದು ಸರಾಸರಿ ತೆಗೆಯಬೇಕು. ಉದಾಹರಣೆಗೆ 4, 4.5, 5, 4.5, 5, 4.5, 4, 4.5, 4.5 ಬಂದರೆ ಒಟ್ಟು 40.5. ಒಂಬತ್ತರಿಂದ ಭಾಗಿಸಿದರೆ ಸರಾಸರಿ 4.5 ಇಂಚು.

ಅರ್ಧ ಇಂಚು ತಾನೇ ಎನಿಸಬಹುದು. 600 ಚದರ ಅಡಿಯ ಮೇಲೆ ಅರ್ಧ ಇಂಚು ಎಂದರೆ 25 ಘನ ಅಡಿ. ಒಂದು ಪೂರ್ತಿ ಇಂಚು ಎಂದರೆ 50 ಘನ ಅಡಿ, ಹೆಚ್ಚುಕಡಿಮೆ 9 ಚೀಲ ಸಿಮೆಂಟ್. ಸಿಮೆಂಟ್ ತರುವ ಮೊದಲು ನೆಲವನ್ನು ಸರಿಯಾಗಿ ಸಮ ಮಾಡಲು ಅರ್ಧ ದಿನ ಹೆಚ್ಚು ದುಡಿದರೂ ಲಾಭವೇ ಎಂದು ಈ ಲೆಕ್ಕದಿಂದ ತಿಳಿಯುತ್ತದೆ.

ಮೂರನೆಯ ತಪ್ಪು: ಚೀಟಿಯಲ್ಲಿ ಇಲ್ಲದ ಸಾಲುಗಳು

ಮಿಕ್ಸರಿಗೆ ಅಂಟುವುದು, ನೆಲಕ್ಕೆ ಚೆಲ್ಲುವುದು, ರಾಶಿಯ ಅಡಿಯಲ್ಲಿ ಮಣ್ಣಿಗೆ ಸೇರುವುದು, ಹರಿದ ಚೀಲ ಇವೆಲ್ಲ ಇದ್ದದ್ದೇ. ಸಿಮೆಂಟಿಗೆ ಶೇ. 3, ಮರಳು ಜಲ್ಲಿಗೆ ಶೇ. 5 ಹೆಚ್ಚು ಹಿಡಿಯಬೇಕು. ನಾನು ಹಿಡಿದಿರಲಿಲ್ಲ. ಕಾಂಕ್ರೀಟಿನ ನೀರು ನೆಲಕ್ಕೆ ಇಳಿಯದಂತೆ, ನೆಲದ ತೇವ ಮೇಲೆ ಬರದಂತೆ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನು ಮರೆತಿದ್ದೆ. ಅನಿರೀಕ್ಷಿತ ಖರ್ಚು ಎಂಬ ಸಾಲೇ ಇರಲಿಲ್ಲ.

ಇನ್ನೊಂದು ವಿಷಯ ನನಗೆ ಆಶ್ಚರ್ಯ ತಂದದ್ದು. ಸ್ವಲ್ಪ ಒದ್ದೆಯಾದ ಮರಳು ಒಣ ಮರಳಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಪ್ರತಿ ಕಣದ ಸುತ್ತ ನೀರಿನ ತೆಳು ಪದರ ನಿಂತು ಕಣಗಳನ್ನು ದೂರ ತಳ್ಳುತ್ತದೆ. ಗಾತ್ರ ಶೇ. 20ರಿಂದ 30ರವರೆಗೂ ಉಬ್ಬಬಹುದು. ಪೂರ್ತಿ ನೀರಿನಲ್ಲಿ ಮುಳುಗಿಸಿದರೆ ಮತ್ತೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಗಾಜಿನ ಜಾಡಿಯಲ್ಲಿ ಯಾರು ಬೇಕಾದರೂ ಮಾಡಿ ನೋಡಬಹುದು. ಆದ್ದರಿಂದ ಒದ್ದೆ ಮರಳನ್ನು ಘನ ಅಡಿ ಲೆಕ್ಕದಲ್ಲಿ ಕೊಂಡರೆ ಕಡಿಮೆ ಮರಳಿಗೆ ಪೂರ್ತಿ ಹಣ ಕೊಟ್ಟಂತೆ. ಲಾರಿಯಲ್ಲಿ ಬಂದ ಮರಳು ಒದ್ದೆಯಿದ್ದರೆ ಅಷ್ಟು ಹೆಚ್ಚು ತರಿಸಬೇಕು.

ಸರಿಯಾದ ಲೆಕ್ಕ ಹೀಗೆ

ಅದೇ ಅಂಗಳ, ಅದೇ ದರ. ಈಗ ನಾನು ಹೀಗೆ ಬರೆಯುತ್ತೇನೆ.

1. ನೆಲದ ವಿಸ್ತೀರ್ಣ: 30 × 20 = 600 ಚದರ ಅಡಿ.

2. ದಾರ ಕಟ್ಟಿ ಅಳೆದ ಸರಾಸರಿ ದಪ್ಪ: 4.5 ಇಂಚು. ಗಾತ್ರ: 600 × 4.5 ÷ 12 = 225 ಘನ ಅಡಿ.

3. ಒಣ ಸಾಮಾನು: 225 × 1.54 = 346.5 ಘನ ಅಡಿ.

4. ಒಂದು ಪಾಲು: 346.5 ÷ 7 = 49.5 ಘನ ಅಡಿ. ಸಿಮೆಂಟ್ 49.5, ಮರಳು 99, ಜಲ್ಲಿ 198.

5. ಚೀಲ: 49.5 ÷ 1.226 = 40.4. ಶೇ. 3 ಸೇರಿಸಿದರೆ 42. ಮರಳು ಶೇ. 5 ಸೇರಿಸಿ 104, ಜಲ್ಲಿ 208.

6. ಸಾಮಾನಿನ ಬೆಲೆ: ಸಿಮೆಂಟ್ ₹16,380, ಮರಳು ₹5,720, ಜಲ್ಲಿ ₹9,360. ಒಟ್ಟು ₹31,460.

7. ಕೂಲಿ: ಮೊದಲ ದಿನ ನೆಲ ಸಮ ಮಾಡಲು ಒಬ್ಬ ಮೇಸ್ತ್ರಿ (₹1,100), ಇಬ್ಬರು ಆಳು (ತಲಾ ₹850), ಒಟ್ಟು ₹2,800. ಎರಡನೆಯ ದಿನ ಇಬ್ಬರು ಮೇಸ್ತ್ರಿ, ಆರು ಆಳು, ಒಟ್ಟು ₹7,300. ಎರಡೂ ಸೇರಿ ₹10,100.

8. ಮಿಕ್ಸರ್ ₹2,500, ಪ್ಲಾಸ್ಟಿಕ್ ಹಾಳೆ ₹1,200.

9. ಇಲ್ಲಿಯವರೆಗೆ ₹45,260. ಅನಿರೀಕ್ಷಿತಕ್ಕೆ ಶೇ. 5, ಅಂದರೆ ₹2,263 ಸೇರಿಸಿ ₹47,523.

10. ವಹಿಸಿಕೊಂಡವರ ಲಾಭ ಶೇ. 10, ₹4,752. ಒಟ್ಟು ₹52,275. ಚದರ ಅಡಿಗೆ ಸುಮಾರು ₹87.

ನಾವು ಮಾತು ಕೊಟ್ಟದ್ದು ₹33,500. ಚದರ ಅಡಿಗೆ ₹56 ಕೂಡ ಇಲ್ಲ. ನಿಜವಾಗಿ ಆದ ಖರ್ಚು ₹49,310. ₹45,260ರ ಮೇಲೆ ಎರಡನೆಯ ಸಲದ ಸಾಗಾಟಕ್ಕೆ ₹1,500, ಆಳುಗಳ ಹೆಚ್ಚುವರಿ ಅರ್ಧ ದಿನಕ್ಕೆ ₹2,550 ಸೇರಿತು. ಈ ಎರಡು ಖರ್ಚು ನನ್ನ ತಪ್ಪು ಲೆಕ್ಕದಿಂದಲೇ ಹುಟ್ಟಿದ್ದು. ಲೆಕ್ಕ ಸರಿಯಿದ್ದರೆ ಅವು ಬರುತ್ತಲೇ ಇರಲಿಲ್ಲ.

ಕೊನೆಯಲ್ಲಿ ಚದರ ಅಡಿಗೆ ಎಷ್ಟಾಯಿತು ಎಂದು ನೋಡುವುದು ಒಳ್ಳೆಯ ಪರೀಕ್ಷೆ. ಊರಿನಲ್ಲಿ ಇತ್ತೀಚೆಗೆ ನೆಲ ಹಾಕಿಸಿದ ನಾಲ್ಕು ಮನೆಯವರನ್ನು ಕೇಳಿದರೆ ಒಂದು ಅಂದಾಜು ಸಿಗುತ್ತದೆ. ನಿಮ್ಮ ಲೆಕ್ಕ ಅದಕ್ಕಿಂತ ಬಹಳ ಕಡಿಮೆ ಬಂದರೆ ಅಗ್ಗವಾಯಿತು ಎಂದು ಸಂತೋಷಪಡಬಾರದು. ಏನೋ ಬಿಟ್ಟುಹೋಗಿದೆ ಎಂದು ಹುಡುಕಬೇಕು.

ಸಿದ್ಧ ಕಾಂಕ್ರೀಟನ್ನು ಲಾರಿಯಲ್ಲಿ ತರಿಸುವುದಾದರೆ ದರ ಘನ ಮೀಟರಿಗೆ ಇರುತ್ತದೆ. 1 ಘನ ಮೀಟರ್ ಎಂದರೆ 35.31 ಘನ ಅಡಿ. ನಮ್ಮ 225 ಘನ ಅಡಿ 6.37 ಘನ ಮೀಟರ್ ಆಗುತ್ತದೆ. ಇಲ್ಲಿ 1.54ರಿಂದ ಗುಣಿಸಬಾರದು, ಏಕೆಂದರೆ ಬರುವುದೇ ಕಲಸಿದ ಕಾಂಕ್ರೀಟ್. 6 ಘನ ಮೀಟರ್ ಹಿಡಿಯುವ ಒಂದು ಲಾರಿ ಸಾಕೆಂದು ತರಿಸಿದ್ದರೆ ಅಲ್ಲಿಯೂ ಕೊನೆಯಲ್ಲಿ ಸ್ವಲ್ಪ ಕಡಿಮೆ ಬೀಳುತ್ತಿತ್ತು. ಲಾರಿ ಅಂಗಳದವರೆಗೆ ಬರುತ್ತದೆಯೇ ಎಂಬುದನ್ನೂ ನೋಡಬೇಕು.

ನೀರಿಗೂ ಲೆಕ್ಕ ಇದೆ

ಭಾರತೀಯ ಮಾನಕ ಐಎಸ್ 456 ಪ್ರಕಾರ ಎಂ15 ಮಿಶ್ರಣಕ್ಕೆ ಒಂದು ಚೀಲ ಸಿಮೆಂಟಿಗೆ ಹೆಚ್ಚೆಂದರೆ 32 ಲೀಟರ್ ನೀರು. 42 ಚೀಲಕ್ಕೆ 1,344 ಲೀಟರ್. ಕಲಸಲು ಸುಲಭವಾಗಲಿ ಎಂದು ಹೆಚ್ಚು ನೀರು ಹಾಕುವುದು ಕೆಲಸದ ಜಾಗಗಳಲ್ಲಿ ಸಾಮಾನ್ಯ. ಸಿಮೆಂಟ್ ತನಗೆ ಬೇಕಾದಷ್ಟು ನೀರನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಹೆಚ್ಚಾದದ್ದು ಆವಿಯಾಗಿ ಹೋಗಿ ಅದು ಇದ್ದ ಜಾಗ ಸಣ್ಣ ರಂಧ್ರವಾಗಿ ಉಳಿಯುತ್ತದೆ. ಇದರಿಂದ ಕಾಂಕ್ರೀಟಿನ ಬಲ ಕುಗ್ಗುತ್ತದೆ.

ಹಾಕಿದ ಮೇಲಿನ ನೀರು ಬೇರೆ ವಿಷಯ. ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಲ್ಲ, ನೀರಿನ ಜೊತೆ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಹಾಗಾಗಿ ಸಾಮಾನ್ಯ ಸಿಮೆಂಟ್ ಆದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್ ಅಥವಾ ಬಿಸಿಲಿನ ಹವೆಯಾದರೆ ಕನಿಷ್ಠ 10 ದಿನ ಒದ್ದೆಯಾಗಿ ಇಡಬೇಕು. ಅಂಚಿಗೆ ಸಣ್ಣ ಕಟ್ಟೆ ಕಟ್ಟಿ ಒಂದು ಇಂಚು ನೀರು ನಿಲ್ಲಿಸಿದರೆ 600 ಚದರ ಅಡಿಗೆ ಒಂದು ಸಲಕ್ಕೆ 1,400 ಲೀಟರಿನಷ್ಟು ಬೇಕು. ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುವ ಊರುಗಳಲ್ಲಿ ಇದಕ್ಕೆ ಟ್ಯಾಂಕರ್ ತರಿಸಬೇಕಾಗಬಹುದು. ಒದ್ದೆ ಗೋಣಿ ಹಾಸಿದರೆ ಕಡಿಮೆ ನೀರಿನಲ್ಲಿ ಆಗುತ್ತದೆ. ನೀರಿನ ಈ ಖರ್ಚು ಯಾರದ್ದು ಎಂದು ಮೊದಲೇ ಮಾತಾಡಿಕೊಳ್ಳಬೇಕು. ನಮ್ಮ ಕೆಲಸದಲ್ಲಿ ಮನೆಯವರ ಬಾವಿಯಲ್ಲಿ ನೀರಿತ್ತು, ಅಲ್ ಹಮ್ದುಲಿಲ್ಲಾಹ್.

ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಅಡಿಕೆ ಒಣಗಿಸಲು, ಜನ ಓಡಾಡಲು 4 ಇಂಚು, ಎಂ15 ಸಾಕು ಎಂದು ಉಪ್ಪ ಹೇಳುತ್ತಾರೆ. ಕಾರು, ಪಿಕಪ್ ನಿಲ್ಲುವ ಜಾಗಕ್ಕೆ ದಪ್ಪವನ್ನೂ ಮಿಶ್ರಣವನ್ನೂ ಹೆಚ್ಚಿಸಬೇಕು. ಕಬ್ಬಿಣ ಹಾಕುವ ಕಾಂಕ್ರೀಟಿಗೆ ಐಎಸ್ 456 ಪ್ರಕಾರ ಎಂ20ಕ್ಕಿಂತ ಕಡಿಮೆ ಬಳಸುವಂತಿಲ್ಲ. ಎಂ20 ಎಂದರೆ 1:1.5:3. ಒಟ್ಟು ಪಾಲು 5.5. ನಮ್ಮ ಅಂಗಳಕ್ಕೇ ಎಂ20 ಹಾಕಿದ್ದರೆ 346.5 ÷ 5.5 = 63 ಘನ ಅಡಿ ಸಿಮೆಂಟ್, ಅಂದರೆ ಸುಮಾರು 51 ಚೀಲ. ಬೇಕಿಲ್ಲದ ಕಡೆ ಎಂ20 ಹಾಕುವುದೂ ದುಂದು, ಬೇಕಾದ ಕಡೆ ಎಂ15 ಹಾಕುವುದು ಅಪಾಯ.

ಉಳಿಸಬೇಕಾದ್ದು ನೆಲ ಸಮ ಮಾಡುವುದರಲ್ಲಿ, ಅಳೆದು ಹಾಕುವುದರಲ್ಲಿ, ಸಾಮಾನನ್ನು ಒಂದೇ ಸಲ ತರಿಸುವುದರಲ್ಲಿ. ಬಾಂಡ್ಲಿಯಲ್ಲಿ ಅಂದಾಜಿಗೆ ಸುರಿಯುವ ಬದಲು 40 ಸೆಂ.ಮೀ. ಉದ್ದ, 35 ಅಗಲ, 25 ಎತ್ತರದ ಪೆಟ್ಟಿಗೆ ಮಾಡಿಸಿದರೆ ಅದಕ್ಕೆ ಸರಿಯಾಗಿ 35 ಲೀಟರ್ ಹಿಡಿಯುತ್ತದೆ. ಒಂದು ಚೀಲ ಸಿಮೆಂಟಿನ ಗಾತ್ರವೂ ಸುಮಾರು ಅಷ್ಟೇ. ಒಂದು ಚೀಲಕ್ಕೆ ಎರಡು ಪೆಟ್ಟಿಗೆ ಮರಳು, ನಾಲ್ಕು ಪೆಟ್ಟಿಗೆ ಜಲ್ಲಿ. ಉಪ್ಪ ಈಗ ಇಂಥ ಎರಡು ಪೆಟ್ಟಿಗೆ ಮಾಡಿಸಿಕೊಂಡಿದ್ದಾರೆ.

ದರ ಬದಲಾಗುವುದನ್ನೂ ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಮೂಲ ಬೆಲೆ ಹಾಗೆಯೇ ಇದ್ದರೆ ₹390ರ ಚೀಲ ₹360ರ ಹತ್ತಿರ ಬರಬೇಕು. ಹೇಗೆ ಎಂದು ವಾಣಿಜ್ಯ ವಿಭಾಗದವರು ಲೆಕ್ಕ ಮಾಡಿ ನೋಡಿ: 390ನ್ನು 1.28ರಿಂದ ಭಾಗಿಸಿ 1.18ರಿಂದ ಗುಣಿಸಬೇಕು. ಇದನ್ನು ಶೇ. 10 ಇಳಿಕೆ ಎಂದು ₹39 ಕಳೆದರೆ ಅದೂ ನನ್ನ ತಪ್ಪಿನಂಥದ್ದೇ. ಅಂದಾಜು ಪಟ್ಟಿಯಲ್ಲಿ ದಿನಾಂಕ ಬರೆದು, "ಈ ದರ 15 ದಿನಕ್ಕೆ ಮಾತ್ರ" ಎಂದು ಕೆಳಗೆ ಹಾಕುವುದು ಒಳ್ಳೆಯದು.

ಈಗ

ಮಳೆಗಾಲ ಮುಗಿದ ಮೇಲೆ ಉಪ್ಪ ಸಾಮಾನು ಸಮೇತ ಎರಡನೆಯ ಕೆಲಸ ವಹಿಸಿಕೊಂಡರು. ಒಂದು ಕೊಟ್ಟಿಗೆಯ ನೆಲ, 18 ಅಡಿಗೆ 12 ಅಡಿ. ನನ್ನನ್ನೇ ಲೆಕ್ಕ ಮಾಡಲು ಹೇಳಿದರು. ನಾನು ಹಿಂಜರಿದೆ. "ಒಮ್ಮೆ ಕೆಟ್ಟ ಗೋಡೆಯನ್ನು ಅದೇ ಮೇಸ್ತ್ರಿ ಎರಡನೆಯ ಸಲ ಕೆಡಿಸುವುದಿಲ್ಲ" ಎಂದರು. ಈ ಸಲ ಇಬ್ಬರೂ ಹೋಗಿ ದಾರ ಕಟ್ಟಿ ಅಳೆದೆವು. ನಾನು ಚೀಲದ ಲೆಕ್ಕ ಹೇಳುವ ಮೊದಲು ಅವರ ಅಂದಾಜನ್ನು ಕೇಳಿದೆ. ಅವರು ಹದಿನೈದು ಎಂದರು. ನನ್ನ ಕಾಗದದಲ್ಲಿಯೂ ಹದಿನೈದೇ ಬಂದಿತ್ತು. ಕೆಲಸದಲ್ಲಿ ಹದಿನಾಲ್ಕೂವರೆ ಖರ್ಚಾಗಿ ಅರ್ಧ ಚೀಲ ಉಳಿಯಿತು.

ಆ ಅಡಿಕೆ ಅಂಗಳವನ್ನು ಮೊನ್ನೆ ನೋಡಿ ಬಂದೆ. ಅಡಿಕೆ ಹರಡಿದ್ದರು. ನಾಲ್ಕನೆಯ ಅಂಕಣದ ನಡುವೆ ಕೂದಲಿನಷ್ಟು ಸಣ್ಣ ಗೆರೆಯೊಂದು ಇದೆ. ಉಳಿದ ಐದು ಅಂಕಣಗಳಲ್ಲಿ ಎಲ್ಲಿಯೂ ಬಿರುಕಿಲ್ಲ. ಒಂದು ಮಳೆಗಾಲ ಅದರ ಮೇಲೆ ಹೋಗಿದೆ.

ಗೆಳೆಯರೇ, ಸೂತ್ರ ಗೊತ್ತಿರುವುದು ಒಳ್ಳೆಯದು. ಆದರೆ ಕೆಲಸ ಮಾಡುವವರು "ಕಡಿಮೆ ಅನಿಸುತ್ತದೆ" ಎಂದರೆ ಕ್ಯಾಲ್ಕುಲೇಟರನ್ನು ಇನ್ನೊಮ್ಮೆ ಒತ್ತಿದರೆ ಸಾಲದು, ಯಾಕೆ ಹಾಗೆ ಅನಿಸಿತು ಎಂದು ಅವರನ್ನೇ ಕೇಳಬೇಕು. ನಾನು ಕೇಳಿದ್ದರೆ ಉಪ್ಪ ಆವತ್ತೇ ಹೇಳುತ್ತಿದ್ದರು: ಏಳು ಬಾಂಡ್ಲಿ ಸಾಮಾನು ಕಲಸಿದರೆ ಏಳು ಬಾಂಡ್ಲಿ ಕಾಂಕ್ರೀಟ್ ಆಗುವುದಿಲ್ಲ ಎಂದು. ಅವರಿಗೆ 1.54 ಎಂಬ ಸಂಖ್ಯೆ ಗೊತ್ತಿರಲಿಲ್ಲ, ವಿಷಯ ಗೊತ್ತಿತ್ತು.

ನಿಮ್ಮ ಮನೆಯಲ್ಲಿ ನೆಲ ಹಾಕಿಸುವುದಿದ್ದರೆ ಮೇಲಿನ ಹತ್ತು ಸಾಲುಗಳನ್ನು ಬರೆದಿಟ್ಟುಕೊಂಡು ನಿಮ್ಮ ಊರಿನ ದರ ಹಾಕಿ ನೋಡಿ. ಅನುಮಾನ ಬಂದರೆ ಮಧ್ಯಾಹ್ನದ ಬಿಡುವಿನಲ್ಲಿ ನನ್ನನ್ನು ಕೇಳಬಹುದು. ನನಗೆ ಗೊತ್ತಾಗದಿದ್ದರೆ ಉಪ್ಪನನ್ನು ಕೇಳಿ ಮರುದಿನ ಹೇಳುತ್ತೇನೆ, ಇನ್ ಶಾ ಅಲ್ಲಾಹ್.